ಒಪ್ಪಿಗೆ ಕೊಡುವ ಮುನ್ನ ಕನ್ನಡದಲ್ಲಿ ಕೇಳಿ!



ಬೀದರಿನಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುವವನು ನಾನು. ನನ್ನ ಪತ್ರಿಕೆ ಕಾಗದದ್ದು, ಯಾರ ದುಡ್ಡನ್ನೂ ಕದಿಯದು! ಆದರೆ ವಾಟ್ಸಾಪಿನಲ್ಲಿ ‘ಎಪಿಕೆ’ ಎಂಬ ಬಾಲ ಹೊತ್ತು ಬರುವ ಲಗ್ನಪತ್ರಿಕೆ ಪತ್ರಿಕೆಯೇ ಅಲ್ಲ, ಅದೊಂದು ಆ್ಯಪ್. ಒಳಗೆ ಬಿಟ್ಟುಕೊಂಡು ಅನುಮತಿ ಒತ್ತಿದಿರೋ, ನಿಮ್ಮ ಮೆಸೇಜು ಓದಿ ಓಟಿಪಿಯನ್ನೇ ಎತ್ತುತ್ತದೆ. ಓಟಿಪಿ ಎಂದರೆ ಒಂದೇ ಸಲ ತೆರೆಯುವ ಕೀಲಿಕೈ. ಯುಪಿಐ ಪಿನ್ ದುಡ್ಡು ಕೊಡಲಿಕ್ಕೆ, ಪಡೆಯಲಿಕ್ಕೆ ಬೇಕಿಲ್ಲ. ಭಾಲ್ಕಿ, ಔರಾದಿನ ಹಿರಿಯರಿಗೆ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಯಾರು? ನೀವೇ! ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿಸಿ.

ಇನ್ನು ‘ಐ ಅಗ್ರೀ’. ಯಾವುದಕ್ಕೆ ಒಪ್ಪಿಗೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 5ನೇ ಕಲಮಿನಂತೆ ಆ ನೋಟೀಸನ್ನು ಸಂವಿಧಾನದ 8ನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ಕೊಡಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಬಂದವು; ಕಂಪನಿಗಳಿಗೆ 18 ತಿಂಗಳ ಗಡುವು. ದಿನ ಎಣಿಸುತ್ತಿರಿ, ಕೇಳುತ್ತಲೂ ಇರಿ.