ಚಳಿಯ ಆಗಮನ ಮತ್ತು ಹಿಂಗಾರಿ ಬಿತ್ತನೆ
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಚಳಿ ನಾಡಿಗೆಲ್ಲ ಒಂದೇ ದಿನ ಬರುವುದಿಲ್ಲ. ಬೀದರ, ಕಲಬುರಗಿ, ವಿಜಯಪುರ ಭಾಗಗಳಿಂದ ಮುಂಗಾರು ಮಾರುತವು ಸಾಮಾನ್ಯವಾಗಿ ಅಕ್ಟೋಬರ್ ನಡುವಿನ ಹೊತ್ತಿಗೆ ಹಿಂದೆ ಸರಿಯುತ್ತದೆ. ಆಕಾಶ ತಿಳಿಯಾಗಿ, ಹಗಲು ಕಾದ ನೆಲ ರಾತ್ರಿ ಬೇಗನೆ ಆರುತ್ತದೆ. ಮೈಸೂರು, ಬೆಂಗಳೂರು ಕಡೆ ಆಗ ಈಶಾನ್ಯ ಮಾರುತದ ಮೋಡವಿರುತ್ತದೆ. ಮೋಡವು ಕಂಬಳಿಯಂತೆ ಶಾಖ ಹಿಡಿದಿಡುವುದರಿಂದ ಅಲ್ಲಿ ಚಳಿ ತಡ. ಕರಾವಳಿಯ ಮಾತೇ ಬೇರೆ, ಬಿಡಿ.

ಎರೆ ಸೀಮೆಯಲ್ಲಿ ಕೆಲವರು ಚಳಿ ಬಿದ್ದ ಮೇಲೆ ಜೋಳ ಬಿತ್ತೋಣವೆಂದು ಕಾಯುತ್ತಾರೆ. ಇದು ನಷ್ಟದ ದಾರಿ. ಹಿಂಗಾರಿ ಜೋಳ ಬದುಕುವುದು ಮಣ್ಣು ಹಿಡಿದಿಟ್ಟ ತೇವದ ಮೇಲೆ. ಉತ್ತರೆ, ಹಸ್ತ ಮಳೆಗಳ ಹದದಲ್ಲಿಯೇ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದೊಳಗೆ ಬಿತ್ತನೆ ಮುಗಿಯಬೇಕು. ತೆಳು ಮಣ್ಣಿನ ಹೊಲ ಮೊದಲು. ಆಳವಾದ ಎರೆ ಇನ್ನೊಂದು ವಾರ ತಡೆದೀತು. ಬೀಜ ಬೀಳುವ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನೋಡಿ. ಉಂಡೆಯಾಗದಿದ್ದರೆ ಹದ ಹೋಯಿತೆಂದೇ ತಿಳಿಯಿರಿ. ತಡವಾಗಿ ಬಿತ್ತಿದ ಜೋಳ ಗಡ್ಡೆಗಟ್ಟುವ ಚಳಿಯಲ್ಲಿ ತೆನೆ ಹಾಯುತ್ತದೆ. ಆಗ ಪರಾಗ ಕೆಟ್ಟು ಕಾಳು ಕಟ್ಟುವುದು ಕಡಿಮೆ. ಬುಡದಲ್ಲಿ ತೇವವೂ ಉಳಿದಿರುವುದಿಲ್ಲ.

ನೀರಾವರಿ ಗೋಧಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ನಿಜವಾಗಿ ಚಳಿಗೆ ಕಾಯುವ ಬೆಳೆ. ಅಕ್ಟೋಬರಿನ ಸೆಕೆಯಲ್ಲಿ ಅವಸರ ಮಾಡಿದರೆ ತೆಂಡೆ ಒಡೆಯದೆ ಬೇಗ ತೆನೆಗೆ ಬರುತ್ತದೆ. ನವೆಂಬರ್ ಮೊದಲ ಹದಿನೈದು ದಿನ ಅದಕ್ಕೆ ಸರಿಯಾದ ಕಾಲ. ಡಿಸೆಂಬರಿಗೆ ತಳ್ಳಿದರೆ ಕಾಳು ತುಂಬುವಾಗಲೇ ಬಿಸಿಲೇರಿ ಜೊಳ್ಳಾಗುತ್ತದೆ.