ಚಿತ್ರದ ಕೈ ಇರುವ ಮಕ್ಕಳಿಗೆ ಒಂದು ದಾರಿ

(ಯುವಕ ಮಂಡಲದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ ಗೊಬ್ಬರದ ವಿಚಾರ ಹೇಳಬೇಕಾದವನು ಈ ದಿನ ಪರೀಕ್ಷೆಯ ವಿಚಾರ ಎತ್ತಿದ್ದಾನಲ್ಲ ಎಂದು ತಾವು ಆಶ್ಚರ್ಯಪಡಬಹುದು. ಎಸ್.ಎಸ್.ಎಲ್.ಸಿ. ಮುಗಿಸಿದ ಮಕ್ಕಳನ್ನು ಯಾವ ಓದಿಗೆ ಹಾಕಬೇಕೆಂದು ತಾವೇ ನನ್ನನ್ನು ಕೇಳುತ್ತಿರುವುದರಿಂದ ಈ ಮಾತು. ಚೆನ್ನಾಗಿ ಚಿತ್ರ ಬರೆಯುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಂಥವರು ಕಟ್ಟಡದ ವಿನ್ಯಾಸ ಮಾಡುವ ಆರ್ಕಿಟೆಕ್ಟ್ ಆಗಬಹುದೆಂಬುದು ಮನೆಯವರಿಗೆ ತೋಚುವುದೇ ಇಲ್ಲ.

1972ರ ಕಾಯಿದೆಯಂತೆ, ವಾಸ್ತುಶಿಲ್ಪ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಪೇಟೆಯಲ್ಲಿ ನಕ್ಷೆ ಬರೆದುಕೊಡುವವರೆಲ್ಲ ಆರ್ಕಿಟೆಕ್ಟರಲ್ಲ. ಮನೆ ಕಟ್ಟಿಸುವಾಗ ನೋಂದಣಿ ಸಂಖ್ಯೆ ಕೇಳಲು ಸಂಕೋಚಪಡಬೇಡಿ. ಅಮೆರಿಕದಲ್ಲಿ ಪದವಿಯಾದ ಮೇಲೂ ಲೈಸೆನ್ಸಿಗಾಗಿ ಆರು ಭಾಗಗಳ ಪರೀಕ್ಷೆ ಕೊಡಬೇಕು. ನಮ್ಮಲ್ಲಿ ಹಾಗಿಲ್ಲ. ಮಾನ್ಯತೆ ಪಡೆದ ಕಾಲೇಜಿನಲ್ಲಿ ಐದು ವರ್ಷದ ಬಿ.ಆರ್ಕ್. ಮುಗಿಸಿದವರು ನೋಂದಾಯಿಸಿಕೊಳ್ಳಬಹುದು. ಆದ್ದರಿಂದ ನಮ್ಮ ಮಕ್ಕಳಿಗೆ ಕಾಲೇಜು ಸೇರುವಾಗಿನ ಪರೀಕ್ಷೆಯೇ ಮುಖ್ಯ. ಅದರ ಹೆಸರು ನಾಟಾ. 2006ರಿಂದ ನಡೆದು ಬಂದಿದೆ. ನಮ್ಮ ರಾಜ್ಯದಲ್ಲಿ ಸೀಟು ಹಂಚುವಾಗ ನಾಟಾ ಅಂಕವನ್ನೂ ಪಿ.ಯು.ಸಿ. ಅಂಕವನ್ನೂ ಸಮವಾಗಿ ಎಣಿಸುತ್ತಾರೆ.

ಇಲ್ಲಿಯೇ ಅನೇಕರು ಸೋಲುವುದು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಇರಲೇಬೇಕು. ಗಣಿತವಿರುವ ಮೂರು ವರ್ಷದ ಡಿಪ್ಲೊಮಾ ಆದರೂ ಆದೀತು. "ಹೆಣ್ಣುಮಗು, ಗಣಿತ ಯಾಕೆ, ಹತ್ತಿರದ ಕಾಲೇಜಿನಲ್ಲಿ ಯಾವುದೋ ಒಂದು ಸಾಕು" ಎಂದು ಜೂನ್ ತಿಂಗಳಲ್ಲಿ ಅವಸರದಿಂದ ಬರೆಸಿಬಿಟ್ಟರೆ, ಎರಡು ವರ್ಷದ ಮೇಲೆ ಎಷ್ಟು ಚೆನ್ನಾಗಿ ಚಿತ್ರ ಬರೆದರೂ ಪ್ರಯೋಜನವಿಲ್ಲ.

2025ರ ಪರೀಕ್ಷೆ ಒಟ್ಟು 200 ಅಂಕದ್ದಾಗಿತ್ತು. ಚಿತ್ರ ಮತ್ತು ಕೈಕೆಲಸಕ್ಕೆ 80, ಕಂಪ್ಯೂಟರಿನ ಮುಂದೆ ಉತ್ತರಿಸುವ ಪ್ರಶ್ನೆಗಳಿಗೆ 120. ಒಂದೊಂದಕ್ಕೂ ಒಂದೂವರೆ ಗಂಟೆ. ಕೈಕೆಲಸವೆಂದರೆ, ಕೊಟ್ಟ ಸಾಮಾನುಗಳಿಂದ ಒಂದು ಆಕಾರವನ್ನು ಕಟ್ಟಿ ತೋರಿಸುವುದು. ಜೋಳದ ದಂಟಿನಲ್ಲಿ ಗಾಡಿ ಮಾಡಿ ಆಡಿದ ಮಕ್ಕಳಿಗೆ ಇದು ಹೊಸದೇನಲ್ಲ!

ಅಭ್ಯಾಸಕ್ಕೆ ಪಟ್ಟಣದ ತರಬೇತಿಯೇ ಆಗಬೇಕೆಂದಿಲ್ಲ. ಬಿಳಿ ಹಾಳೆ, ಎರಡು ಪೆನ್ಸಿಲು ಸಾಕು. ಬಾವಿಕಟ್ಟೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರೆಯಲಿ. ನೆರಳು ಎತ್ತ ಹೋಯಿತೆಂದು ಗಮನಿಸಲಿ. ರಸ್ತೆಯ ಕಂಬಗಳು ದೂರ ಹೋದಂತೆ ಗಿಡ್ಡವಾಗಿ ಕಾಣುವುದನ್ನು ಬರೆಯಲಿ. ಗಾಡಿಯನ್ನು ಮುಂದಿನಿಂದ, ಪಕ್ಕದಿಂದ, ಅಟ್ಟದ ಮೇಲಿಂದ ನೋಡಿ ಮೂರು ಚಿತ್ರ ಮಾಡಲಿ. ದನದ ಕೊಟ್ಟಿಗೆಯನ್ನು ಅಳೆದು ಐವತ್ತನೆಯ ಒಂದು ಪಾಲಿಗೆ ಇಳಿಸಿ ನಕ್ಷೆ ಬರೆಯಲಿ: ಮೂರು ಮೀಟರಿನ ಗೋಡೆ ಹಾಳೆಯ ಮೇಲೆ ಆರು ಸೆಂಟಿಮೀಟರು. ಹೀಗೆ ಬರೆದವರಿಗೆ ಗಂಜಲದ ಕಾಲುವೆ ಎಲ್ಲಿ ತಪ್ಪಿದೆ ಎಂಬುದೂ ಕಂಡೀತು. ಅದು ನನ್ನ ಇಲಾಖೆಗೆ ಲಾಭ.

ದಿನಕ್ಕೊಂದು ಗಂಟೆಯಾದರೂ ಮಕ್ಕಳನ್ನು ಹೊಲದ ಕೆಲಸದಿಂದ ಬಿಡಿ. ಗಡಿಯಾರ ಇಟ್ಟುಕೊಂಡೇ ಬರೆಸಿ. ಪರೀಕ್ಷೆಯಲ್ಲಿ ಚಿತ್ರ ಅರ್ಧಕ್ಕೆ ನಿಲ್ಲುವುದು ಕೈ ಬಾರದೆ ಅಲ್ಲ, ಹೊತ್ತು ಸಾಲದೆ. 2025ರಲ್ಲಿ ವರ್ಷಕ್ಕೆ ಮೂರು ಸಲ ಕೂಡುವ ಅವಕಾಶವಿತ್ತು. ಪ್ರತಿ ವರ್ಷದ ನಿಯಮವನ್ನು ಪರಿಷತ್ತಿನ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು.

ಅಳತೆಯ ಟೇಪು ನನ್ನ ಹತ್ತಿರ ಇದೆ. ಬೇಕಾದ ಮಕ್ಕಳು ಸೋಮವಾರ ಸಂಜೆ ಪಂಚಾಯಿತಿ ಕಟ್ಟೆಗೆ ಬಂದು ತೆಗೆದುಕೊಂಡು ಹೋಗಲಿ, ಗುರುವಾರ ತಂದುಕೊಡಲಿ.