ಇದ್ದಷ್ಟು ಹಣದಲ್ಲಿ ಯಾರಿಗೆ ಮೊದಲು?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಭಾಷಣ)



ವಾರದ ಸಭೆಯಲ್ಲಿ ಇಬ್ಬರು ಸಾಲ ಕೇಳ್ತಾರೆ, ಹಣ ಒಬ್ಬರಿಗಷ್ಟೇ ಸಾಕು. ಆಗ ಯಾರ ಅಗತ್ಯ ಹೆಚ್ಚು ಅಂತ ನೀವೆಲ್ಲ ಕೂತು ಮಾತಾಡ್ತೀರಿ, ನಿರ್ಣಯ ಪುಸ್ತಕದಲ್ಲಿ ಬರೀತೀರಿ. ಮಿಷನ್ ಆಸ್ಪತ್ರೆಗಳಿಗೂ ಇದೇ ಪ್ರಶ್ನೆ. ಬಡವರ ನಿಧಿಯಿಂದ ಒಬ್ಬರಿಗೆ ದೊಡ್ಡ ಆಪರೇಷನ್ ಮಾಡಿಸುವುದೋ, ಹತ್ತಾರು ಜನರಿಗೆ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಕೊಡುವುದೋ? ಎರಡೂ ಜೀವದ ಪ್ರಶ್ನೆಯೇ.

ಈ ಕಷ್ಟ ಹೊಸದಲ್ಲ. ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ ಜರ್ಮನಿ ಮೂಲದವರು. 1880ರಲ್ಲಿ ಮಂಗಳೂರಿನಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ಶುರು ಮಾಡಿದರು. 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕೊಟ್ಟರು. ಔಷಧ ಮಾರಿ ಬಂದ ಹಣವನ್ನು ಬಡವರ ಸೇವೆಗೆ ಬಳಸಿದರು. ಹಾಗಾಗಿ ಶಕ್ತಿ ಇದ್ದವರಿಂದ ಫೀಸು ತೆಗೆದುಕೊಳ್ಳುವುದು ತಪ್ಪಲ್ಲ. ಅದು ಇಲ್ಲದವರಿಗೆ ತಲುಪದಿದ್ದರೆ ತಪ್ಪು.

ಇಲ್ಲಿ ಮೂರು ಮಾತು ನೆನಪಿರಲಿ. ಒಂದು, ಜೀವಕ್ಕೆ ಅಪಾಯ ಇದ್ದವರಿಗೆ ಮೊದಲು. ಶಿಫಾರಸು, ಜಾತಿ, ಧರ್ಮ ನೋಡಬಾರದು. ರೋಗಿಯ ಕಷ್ಟವನ್ನು ಮತಾಂತರಕ್ಕೆ ಬಳಸುವುದು ಸೇವೆಯಲ್ಲ. ಎರಡು, ಬಡವರು ಅಂತ ಅವಧಿ ಮುಗಿದ ಮಾತ್ರೆ, ಅರ್ಧಂಬರ್ಧ ಚಿಕಿತ್ಸೆ ಕೊಡಬಾರದು. ಮೂರು, ನಮ್ಮಲ್ಲಿ ಆಗದ್ದನ್ನು ಆಗಲ್ಲ ಅಂತ ಹೇಳಿ, ಆಗುವ ಕಡೆಗೆ ಬೇಗ ಕಳಿಸಬೇಕು.

ಯೇಸುಸ್ವಾಮಿ ಹೇಳಿದ ಸಮಾರಿಯದವನ ಕಥೆ ನಿಮಗೆ ಗೊತ್ತು. ಅವನೂ ಎಲ್ಲವನ್ನೂ ಒಬ್ಬನೇ ಮಾಡಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡಿದ. ಮಾರನೇ ದಿನ ಎರಡು ಬೆಳ್ಳಿ ನಾಣ್ಯ ಕೊಟ್ಟು ಇನ್ನೊಬ್ಬರಿಗೆ ಒಪ್ಪಿಸಿದ. ಹೆಚ್ಚು ಖರ್ಚಾದರೆ ವಾಪಸು ಬಂದು ಕೊಡ್ತೇನೆ ಅಂದ. ಮಿತಿ ಇತ್ತು, ಆದರೆ ಕೈಬಿಡಲಿಲ್ಲ.

ಇನ್ನು ನಮ್ಮ ಪಾಲು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಇಲ್ಲದಿದ್ದರೆ ಸಾಮಾನ್ಯವಾಗಿ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಚೀಟಿ ತರಬೇಕು. ಕಾಯಿಲೆ ಬಂದ ಮೇಲೆ ಓಡಾಡುವ ಬದಲು ಕಾರ್ಡು ಈಗಲೇ ಮಾಡಿಸಿ. ನೀವು ಯೋಜನೆಯಲ್ಲಿ ಚಿಕಿತ್ಸೆ ಪಡೆದರೆ, ಬಡವರ ನಿಧಿ ಯಾವ ಕಾರ್ಡೂ ಇಲ್ಲದ ಇನ್ನೊಬ್ಬ ತಾಯಿಗೆ ಉಳಿಯುತ್ತದೆ.

ಮುಂದಿನ ಸಭೆಯಲ್ಲಿ ಯಾರ ಮನೆಯಲ್ಲಿ ಕಾರ್ಡ್ ಇಲ್ಲ ಅಂತ ಒಂದು ಪಟ್ಟಿ ಮಾಡಿ. ದೇವರು ನಿಮ್ಮನ್ನು ಆಶೀರ್ವದಿಸಲಿ.